ಶಾಯಿ ನಿಲ್ಲದ ಕೈ

“ನಿನ್ನ ಕೈಲೆ ಡಿಗ್ರಿ ಆಗೂದಿಲ್ಲ” ಎಂದು ನನಗೆ ಹೇಳಿದವರು ಅವರು. ಅದಕ್ಕೂ ಮೊದಲು ಹಾಗೆ ಅಂದವರು ಬೇಕಾದಷ್ಟು ಜನ ಇದ್ದರು. ಗುಲಬರ್ಗಾ ಕಡೆಯಿಂದ ಬಂದು ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊತ್ತವನ ಮಗ, ಡೊಂಬಿವಲಿಯ ಚಾಳಿನ ಒಂದೇ ಖೋಲಿಯಲ್ಲಿ ಬೆಳೆದವನು, ಬೆಳಿಗ್ಗೆ ಬಿ.ಎಸ್ಸಿ. ಕಾಲೇಜು ಮುಗಿಸಿ ಮಧ್ಯಾಹ್ನದ ಪಾಳಿಗೆ ಡ್ರಮ್ಮು ತುಂಬುತ್ತೇನೆ ಅಂದರೆ ಯಾರು ತಾನೇ ಆಗುತ್ತದೆ ಅಂದಾರು? ಆದರೆ ಅವರೆಲ್ಲ ಬಾಯಿಗೆ ಬಂದದ್ದು ಅಂದಿದ್ದರು. ಇವರು ಕಾರಣ ಕೊಟ್ಟು, ಕಾಗದದ ಮೇಲೆ ತೋರಿಸಿ ಅಂದರು.

ಅವರು ನಮ್ಮ ಕಾರ್ಖಾನೆಯ ಕೆಮಿಸ್ಟ್. ಬಿಜಾಪುರದವರು. ತೀರಿಕೊಂಡು ಆರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಅವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತೇನೆ. “ಬರೀ ಬೇಕಾದ್ರ, ಆದ್ರ ಹೆಸರು ಹಾಕಬ್ಯಾಡ ತಮ್ಮಾ, ಅವರಿಗೆ ಸೇರತಿದ್ದಿಲ್ಲ” ಅಂದಿದ್ದಾರೆ.

ಆ ದಿನ ಊಟದ ಬಿಡುವಿನಲ್ಲಿ ಖಾಲಿ ಡ್ರಮ್ಮಿನ ಮೇಲೆ ಹಲಗೆ ಇಟ್ಟುಕೊಂಡು ಕಾಲೇಜಿನ ಜರ್ನಲ್ ಬರೆಯುತ್ತಿದ್ದೆ. ಶಾಯಿ ಪೆನ್ನಿನಲ್ಲೇ ಬರೆಯಬೇಕೆಂದು ನಿಯಮ. ಸಾಲಿನ ನಡುವೆ ಅಕ್ಷರಗಳು ತುಂಡಾಗುತ್ತಿದ್ದವು. ಶಾಯಿ ಕಾಗದಕ್ಕೆ ಇಳಿಯದೆ ಸಣ್ಣ ಸಣ್ಣ ಹನಿಯಾಗಿ ಹಿಂಜರಿದು ಕೂರುತ್ತಿತ್ತು. ಅವರು ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಅವರು ನಡೆದರೆ ಸದ್ದೇ ಆಗುತ್ತಿರಲಿಲ್ಲ.

“ಏನಿದು?”

“ಕಾಲೇಜಿನ ಜರ್ನಲ್ ಸರ್.”

“ಅದು ಕಾಣ್ತದ. ಅಕ್ಷರ ಯಾಕ ಹಿಂಗ ಮುರದಾವ?”

“ಪೆನ್ನು ಸರಿ ಇಲ್ಲರಿ.”

“ಪೆನ್ನು ಸರಿ ಅದ. ಕೈ ಸರಿ ಇಲ್ಲ.”

ನನ್ನ ಪೆನ್ನು ಕಸಿದುಕೊಂಡು ಹೊಸ ಹಾಳೆಯೊಂದರ ಮೇಲೆ ಗೆರೆ ಎಳೆದರು. ಗೆರೆ ಸರಿಯಾಗಿ ಬಂತು. ಆಮೇಲೆ ನನ್ನ ಅಂಗೈಯನ್ನು ಅದೇ ಹಾಳೆಯ ಮೇಲೆ ಒತ್ತಿ ತೆಗೆದು, ಆ ಜಾಗದ ಮೇಲೆ ಇನ್ನೊಂದು ಗೆರೆ ಎಳೆದರು. ಕೈ ಊರಿದಷ್ಟು ಉದ್ದಕ್ಕೂ ಗೆರೆ ಒಡೆದು ಇರುವೆ ಸಾಲಿನಂತಾಯಿತು.

“ನೋಡಿದಿ? ಪರೀಕ್ಷಾದಾಗ ಕೈ ಊರಿದ ಕಡೆ ಎಲ್ಲಾ ಹಿಂಗ ಆಗ್ತದ. ತಪಾಸಣಿ ಮಾಡಾಂವ ಅರ್ಧ ಅಕ್ಷರ ಓದಿ ಅರ್ಧ ಮಾರ್ಕ್ ಕೊಡ್ತಾನ. ನಿನ್ನ ಕೈಲೆ ಡಿಗ್ರಿ ಆಗೂದಿಲ್ಲ.”

ಪೆನ್ನು ವಾಪಸು ಕೊಟ್ಟು ಹೋದರು. ಮುಂದಿನ ಮೂರು ವರ್ಷ ಈ ಮಾತನ್ನು ಅವರು ಬಿಡಲಿಲ್ಲ. ಕಾಲೇಜಿನಿಂದ ಓಡಿ ಬಂದು ಪಾಳಿಗೆ ನಿಂತಾಗ ಅದೇ ಅವರ ನಮಸ್ಕಾರ: “ಬಂದ್ಯಾ? ಆಗೂದಿಲ್ಲ ಬಿಡು.”

ನಮ್ಮ ಕಾರ್ಖಾನೆ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿತ್ತು. ಅಕ್ಕಪಕ್ಕದಲ್ಲಿ ಬಣ್ಣದ ಕಾರ್ಖಾನೆ, ಔಷಧದ ಕಾರ್ಖಾನೆ, ಗಟಾರದಲ್ಲಿ ದಿನಕ್ಕೊಂದು ಬಣ್ಣದ ನೀರು. ಗೇಟಿನೊಳಗೆ ಕಾಲಿಟ್ಟ ಕೂಡಲೆ ಮೂಗು ಮುಚ್ಚಿಕೊಳ್ಳುವ ಜಾಗ ಅದು. ಆದರೆ ನಮ್ಮ ಮಾಲಿಗೆ ಮಾತ್ರ ವಾಸನೆ ಇರಲಿಲ್ಲ. ಸಿಲಿಕೋನ್ ಎಣ್ಣೆ. ನೋಡಲು ನೀರಿನಂತೆ ಸ್ವಚ್ಛ. ಮೂಸಿದರೆ ಏನೂ ಇಲ್ಲ, ನಾಲಿಗೆಗೆ ತಾಗಿದರೆ ಏನೂ ಇಲ್ಲ. ಶೇಂಗಾ ಎಣ್ಣೆಯಂತೆ ಚಳಿಗೆ ಮಂದವಾಗುವುದಿಲ್ಲ, ಬಿಸಿಗೆ ಬೇಗ ಕೆಡುವುದಿಲ್ಲ, ವರ್ಷಗಟ್ಟಲೆ ಇಟ್ಟರೂ ಕಮಟು ಬರುವುದಿಲ್ಲ. ಒಮ್ಮೆ ಅಂಟಿದರೆ ಸಾಬೂನಿಗೆ ಹೋಗುವುದೂ ಇಲ್ಲ.

“ಇದರದು ಒಂದ ದೋಷ,” ಎನ್ನುತ್ತಿದ್ದರು ಅವರು. “ಬಣ್ಣಿಲ್ಲ, ವಾಸನಿಲ್ಲ. ಅದಕ್ಕ ಮೈಮ್ಯಾಲ ಅದ ಅನ್ನೂದು ಮಂದಿ ಮರೀತಾರ.”

ಅವರು ಮರೆಯುತ್ತಿರಲಿಲ್ಲ. ಘಾಸಲೇಟ್‌ನಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಕೈ ಉಜ್ಜಿ ಆಮೇಲೆ ಸಾಬೂನು ಹಚ್ಚಿದರೆ ಮಾತ್ರ ಅದು ಬಿಡುತ್ತದೆ. ನಲ್ಲಿಯ ಪಕ್ಕ ಘಾಸಲೇಟ್ ಬಾಟಲಿ ಕಟ್ಟಿಸಿದ್ದರು. ಊಟಕ್ಕೆ ಹೋಗುವವನ ಕೈ ಹಿಡಿದು ಮೂಸುತ್ತಿದ್ದರು. ಘಾಸಲೇಟ್ ವಾಸನೆ ಬರದಿದ್ದರೆ ತಿರುಗಿ ಕಳಿಸುವರು. ಕೆಲಸದವರು ಅವರಿಗೆ ಇಟ್ಟ ಹೆಸರು ‘ಘಾಸಲೇಟ್ ಸಾಹೇಬ’. ಅವರಿಗೆ ಅದು ಗೊತ್ತಿತ್ತು. ಒಮ್ಮೆ ಫೋನಿನಲ್ಲಿ ಯಾರಿಗೋ “ಹಾಂ, ಘಾಸಲೇಟ್ ಬೋಲ್ ರಹಾ ಹ್ಞೂಂ” ಅಂದದ್ದನ್ನು ನಾನೇ ಕೇಳಿದ್ದೇನೆ.

ಅವರ ನಡಿಗೆಯ ಬಗ್ಗೆ ಹೇಳಬೇಕು. ನೆಲದ ಮೇಲೆ ಎಲ್ಲಿ ಒಂದು ತೊಟ್ಟು ಚೆಲ್ಲಿದೆಯೋ ಕಾಣುವುದಿಲ್ಲ. ಕಾಲೆತ್ತಿ ಇಟ್ಟರೆ ಬಿದ್ದಂತೆಯೇ. ಅದಕ್ಕೆ ಅವರು ಪಾದ ಎತ್ತದೆ, ನೆಲಕ್ಕೆ ಹಚ್ಚಿಯೇ ಸರಿಸುತ್ತ ನಡೆಯುವರು. ಕಾರ್ಖಾನೆಯಲ್ಲಿ ಎಷ್ಟು ವರ್ಷ ಹಾಗೆ ನಡೆದಿದ್ದರೋ, ಹೊರಗೂ ಅದೇ ನಡಿಗೆಯಾಗಿತ್ತು. ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಸಾವಿರ ಜನ ದಡದಡ ಇಳಿಯುತ್ತಿದ್ದರೂ ಅವರನ್ನು ದೂರದಿಂದಲೇ ಗುರುತಿಸಬಹುದಿತ್ತು, ಕೆಸರಿನಲ್ಲಿ ದಾರಿ ಹುಡುಕುವವನಂತೆ ಒಬ್ಬ ಮನುಷ್ಯ. ಲೋಕಲ್ ಗಾಡಿಯಲ್ಲಿ ಮೇಲಿನ ಹಿಡಿಕೆಯನ್ನು ಕರವಸ್ತ್ರ ಸುತ್ತಿ ಹಿಡಿಯುತ್ತಿದ್ದರು. ದೊಡ್ಡ ಮಡಿವಂತರು ಎಂದು ನಾನು ಮೊದಲು ಅಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

“ನಾ ಎಷ್ಟ ತೊಳದ್ರೂ ಸ್ವಲ್ಪ ಉಳದಿರ್ತದ,” ಅಂದರು. “ನನ್ನ ಬೆನ್ನಿಗೆ ಇನ್ನೊಬ್ಬ ಅದನ್ನ ಹಿಡೀತಾನ. ಮುಂಬ್ರಾದ ತಿರುವಿನ್ಯಾಗ ಕೈ ಜಾರಿದ್ರ ಅಂವ ಬಾಗಲದಿಂದ ಹೊರಗ.”

ಕಲ್ಯಾಣದ ಅವರ ಮನೆಯಲ್ಲೂ ಇದೇ ಪಾಡು. ಬಚ್ಚಲಿನಲ್ಲೂ ಒಂದು ಘಾಸಲೇಟ್ ಬಾಟಲಿ, ನಾನು ಊಟಕ್ಕೆ ಹೋದರೂ ಮೊದಲು ಅದರಲ್ಲೇ ಕೈ ತೊಳೆಯಬೇಕು. ವೈನಿ ನಗುತ್ತ ದೂರುತ್ತಿದ್ದರು: “ನಮ್ಮ ಹೊಸ್ತಿಲಕ್ಕ ಅರಿಶಿಣ ಹಚ್ಚಿದ್ರ ಹನಿಹನಿ ಆಗಿ ಕೂಡ್ತದ ನೋಡು. ಇವರು ದಾಟಿದ ಹೊಸ್ತಿಲ. ಬ್ಯಾರೇದವ್ರ ಗಂಡಂದ್ರು ಪಗಾರ ತರ್ತಾರ, ನಮ್ಮವರು ಎಣ್ಣಿ ತರ್ತಾರ.”

“ಪಗಾರನೂ ತರ್ತೀನಿ,” ಎಂದು ಅವರು ಪೇಪರ್ ಓದುತ್ತಲೇ ಹೇಳುವರು.

ಅವರು ಬಾಯಿ ತುಂಬ ನಕ್ಕದ್ದನ್ನು ನಾನು ಕಂಡದ್ದು ಒಮ್ಮೆ. ನಮ್ಮಲ್ಲಿ ಹನುಮಂತ ಎಂಬ ಹಮಾಲ ಇದ್ದ, ರಾಯಚೂರಿನ ಕಡೆಯವನು. ಅವನ ತಂಗಿಯ ಮದುವೆ. ಹನುಮಂತನ ಭಾವ, ಅಕ್ಕನ ಗಂಡ, ಕಲ್ಯಾಣದಲ್ಲಿ ಕಬ್ಬಿಣದ ಕಪಾಟು ಮಾಡುವವನು. ಮದುಮಗಳಿಗೆಂದೇ ಒಂದು ಕಪಾಟು ಮಾಡಿ ಬಣ್ಣ ಹೊಡೆಯಲು ನಿಂತಿದ್ದ. ಹನುಮಂತ ಪಾಳಿ ಮುಗಿಸಿ ಅದೇ ಅಂಗಿಯಲ್ಲಿ ಹೋಗಿ, ಕಾರ್ಖಾನೆಯಿಂದ ಒಯ್ದ ಅರಿವೆಯಿಂದಲೇ ಕಪಾಟನ್ನು ಪ್ರೀತಿಯಿಂದ ಒರೆಸಿಕೊಟ್ಟಿದ್ದ. ಬಣ್ಣ ಹೊಡೆದರೆ ತಗಡಿನ ತುಂಬ ಸಿಡುಬು ಎದ್ದಂತೆ ಕುಳಿಗಳು. ಬಣ್ಣ ಒಂದೊಂದು ಕಡೆ ಹಿಂದೆ ಸರಿದು ಕೆಳಗಿನ ಕಬ್ಬಿಣ ಕಾಣುತ್ತಿತ್ತು. ಉಜ್ಜಿ ಮತ್ತೆ ಹೊಡೆದರು, ಮತ್ತೆ ಕುಳಿ. ಮನೆಯವರು ದೃಷ್ಟಿ ತಾಗಿದೆ ಅಂದರು. ಕಪಾಟಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಗಂಡಿನ ಕಡೆಯವರು ಅಪಶಕುನ ಎಂದು ಗೊಣಗಲು ಶುರು ಮಾಡಿದರು. ಹನುಮಂತ ಕಾರ್ಖಾನೆಗೆ ಬಂದು ಅಳುಮೋರೆ ಮಾಡಿಕೊಂಡು ಕೂತ.

ಅವರು ಎಲ್ಲ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ದೃಷ್ಟಿ ಅಲ್ಲಲೇ ಹನುಮ್ಯಾ, ನಿನ್ನ ಅಂಗಿ!”

ಅವರು ಬರಿ ನಕ್ಕು ಬಿಡಲಿಲ್ಲ. ರವಿವಾರ ನನ್ನನ್ನೂ ಕರೆದುಕೊಂಡು ಕಲ್ಯಾಣದ ಆ ಭಾವನ ಶೆಡ್ಡಿಗೆ ಹೋದರು. ಹೋದವರು ಒಳಗೆ ಕಾಲಿಡಲಿಲ್ಲ. ಭಾವ ಕುರ್ಚಿ ತಂದು ಕರೆದ, ಚಹಾ ತಂದು ಕರೆದ. “ನಾ ಒಳಗ ಬಂದ್ರ ಮತ್ತ ಹಾಳಾಗ್ತದ” ಎಂದು ರಸ್ತೆಯ ಆಚೆ ಬಿಸಿಲಲ್ಲಿ ನಿಂತೇ ಇದ್ದರು. ಯಾವ ಥಿನ್ನರಿನಲ್ಲಿ ತೊಳೆಯಬೇಕು, ಅರಿವೆಯನ್ನು ಎಷ್ಟು ಸಲ ಬದಲಿಸಬೇಕು, ಎಲ್ಲವನ್ನೂ ಅಲ್ಲಿಂದಲೇ ಕೂಗಿ ಹೇಳಿದರು. ರಿಕ್ಷಾದವರು ಇವರಿಗೆ ತಲೆ ಕೆಟ್ಟಿದೆ ಎಂದು ನೋಡಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಪಾಟಿನ ಮೇಲೆ ಬಣ್ಣ ಹಾಲಿನ ಕೆನೆಯಂತೆ ಕೂತಿತು. ಅದನ್ನೂ ಅವರು ದೂರದಿಂದಲೇ ನೋಡಿದರು.

ನನಗೆ ಅವರು ಪಾಠ ಹೇಳಿದರೆಂದು ಯಾರಾದರೂ ತಿಳಿದರೆ ತಪ್ಪು. ಡಿಗ್ರಿ ನನ್ನದು. ಓದಿದವನು ನಾನು, ಬೆಳಿಗ್ಗೆ ಮೊದಲ ಗಾಡಿ ಹಿಡಿದವನು ನಾನು. ಅವರು ಓದಿಸಿದರು ಎಂದು ಬರೆದರೆ ಅವರೇ ಎದ್ದು ಬಂದು ಬೈದಾರು. ಅವರು ಕಲಿಸಿದ್ದು ಮಾಲನ್ನು ಮಾತ್ರ. ಲ್ಯಾಬಿನ ಕಿಟಕಿಯಲ್ಲಿ ಮುಚ್ಚಿದ ಬಾಟಲಿಗಳ ಸಾಲು ಇತ್ತು. ಎಲ್ಲದರಲ್ಲೂ ಅದೇ ಎಣ್ಣೆ. ತಲೆಕೆಳಗು ಮಾಡಿದರೆ ಒಂದರಲ್ಲಿ ಗಾಳಿಗುಳ್ಳೆ ಚಿಮ್ಮಿ ಮೇಲೆ ಬರುತ್ತದೆ. ಇನ್ನೊಂದರಲ್ಲಿ ನಿಧಾನ. ಕೊನೆಯದರಲ್ಲಿ ಚಹಾ ಕುಡಿದು ಬಂದು ನೋಡಿದರೂ ಗುಳ್ಳೆ ಅರ್ಧ ದಾರಿಯಲ್ಲೇ ಇರುತ್ತದೆ.

“ಎಲ್ಲಾ ಒಂದ ಕುಲ,” ಎನ್ನುವರು. “ಸರಪಳಿ ಸಣ್ಣದಿದ್ರ ತೆಳು, ಉದ್ದಾದ್ರ ದಪ್ಪ. ಅಷ್ಟ ಫರಕು. ಎಲ್ಲಿ ಹೋಗ್ತದ ಅಂತ ಕೇಳಬ್ಯಾಡ, ಎಲ್ಲಿ ಹೋಗೂದಿಲ್ಲ ಅಂತ ಕೇಳು. ಟಾಯರಿನ ಅಚ್ಚಿಗೆ, ಅರಿವಿ ಮೆತ್ತಗ ಮಾಡ್ಲಿಕ್ಕೆ, ಇಂಜೆಕ್ಷನ್ ಸಿರಿಂಜಿಗೆ. ನಿನ್ನ ಹೊಟ್ಟಿ ಗ್ಯಾಸಿನ ಗುಳಿಗ್ಯಾಗೂ ಇದ ಅದ.”

ಒಮ್ಮೆ ಪಕ್ಕದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹೊಂಡದಿಂದ ಬುರುಗು, ಅಂದರೆ ನೊರೆ, ಉಕ್ಕಿ ಅಂಗಳಕ್ಕೆ ಹರಿದಿತ್ತು. ಇವರನ್ನು ಕರೆಸಿದರು. ಇವರು ಅಂಗಿಯ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಒಂದಿಷ್ಟು ಹನಿ ಬಿಟ್ಟರು. ಆಳೆತ್ತರದ ಬುರುಗು ಉಸಿರು ಬಿಟ್ಟಂತೆ ಕುಸಿದು ಕೂತಿತು. ಎಲ್ಲರೂ ಬಾಯಿ ತೆರೆದು ನಿಂತಿದ್ದರು. ಇವರು ಬಾಟಲಿಗೆ ಬೂಚು ಹಾಕಿ ಪಾದ ಸರಿಸುತ್ತ ವಾಪಸು ಬಂದರು. ಅವರ ಜೀವನದಲ್ಲಿ ಹೆಮ್ಮೆಪಟ್ಟಂತೆ ನನಗೆ ಕಂಡದ್ದು ಅದೊಂದೇ ಸಲ.

ನನ್ನ ಮೊದಲ ವರ್ಷದ ಪರೀಕ್ಷೆ ಬಂತು. ಒಂದು ತಿಂಗಳಿರುವಾಗ ಅವರು ನನ್ನನ್ನು ಡ್ರಮ್ಮು ತುಂಬುವ ಕೆಲಸದಿಂದ ತೆಗೆದು ಗೇಟಿನ ಹತ್ತಿರ ಲೇಬಲ್ ಅಂಟಿಸಲು ಹಾಕಿದರು. ನಾನು ಶಿಕ್ಷೆ ಎಂದುಕೊಂಡೆ.

“ಒಣ ಕೆಲಸ,” ಅಂದರು. “ಇವತ್ತಿನಿಂದ ಎಣ್ಣಿ ಇದ್ದ ಶೆಡ್ಡಿನ್ಯಾಗ ಕಾಲು ಇಡಬ್ಯಾಡ. ಕೈ ಒಣಗ್ಲಿ.”

“ನನ್ನ ಪಾಳಿ ಯಾರು ಮಾಡ್ತಾರ ಸರ್?”

“ನಿಮ್ಮಪ್ಪ ಮಾಡ್ತಾನ. ಹೋಗು.”

ನನ್ನ ಪಾಳಿಯನ್ನು ಅವರೇ ಮಾಡಿದರು. ಲ್ಯಾಬಿನ ಕೆಲಸ ಮುಗಿಸಿ, ಬಿಳಿ ಕೋಟು ತೆಗೆದಿಟ್ಟು, ಹನುಮಂತನ ಜೊತೆ ಡ್ರಮ್ಮು ತುಂಬುತ್ತಿದ್ದರು. ಕಾರ್ಖಾನೆಯ ಮಾಲೀಕ ಸೇಠರು ಒಮ್ಮೆ ಕಂಡು “ಅರೇ, ಯೇ ಫ್ಯಾಕ್ಟರಿ ಹೈ ಕಿ ಕಾಲೇಜ್?” ಅಂದರು. “ಆಪ್ ಕೋ ಮಾಲ್ ಚಾಹಿಯೇ, ಮಿಲ್ ರಹಾ ಹೈ ನಾ?” ಎಂದು ಇವರು ತಲೆ ಎತ್ತದೆ ಉತ್ತರ ಕೊಟ್ಟರು.

ಆ ವರ್ಷ ನನಗೆ ಒಂದು ವಿಷಯದಲ್ಲಿ ಕೇಟಿ ಬಿತ್ತು. ಅಂದರೆ ಮುಂದಿನ ತರಗತಿಗೆ ಹೋಗಿ, ಅದನ್ನು ಮತ್ತೆ ಬರೆಯಬೇಕು. “ಶಾಯಿ ಒಡೆದಿರಬೇಕು ಸರ್,” ಅಂದೆ.

“ಶಾಯಿ ಒಡದಿಲ್ಲ. ನೀ ಓದಿಲ್ಲ. ಎಣ್ಣಿ ಮ್ಯಾಲ ಹಾಕಬ್ಯಾಡ,” ಅಂದರು. “ನಾ ಹೇಳಿದ್ದಿಲ್ಲೇನು, ಆಗೂದಿಲ್ಲ.”

ಎರಡನೆಯ ವರ್ಷವೂ ಒಣ ಕೆಲಸ. ಕೇಟಿ ಬಿಡಿಸಿಕೊಂಡೆ. ಮೂರನೆಯ ವರ್ಷವೂ ಒಣ ಕೆಲಸ. ಕೊನೆಯ ಪರೀಕ್ಷೆ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ಎರಡು ಜಾತಿಯ ಎಣ್ಣೆ ಇತ್ತು. ಮೇಲೆ ಹೇಳಿದ್ದು ಸಾಧು ಜಾತಿ. ಏನು ಮಾಡಿದರೂ ಸುಮ್ಮನಿರುತ್ತದೆ. ಇನ್ನೊಂದು, ಬಟ್ಟೆಗೆ ನೀರು ಹಿಡಿಯದಂತೆ ಹಚ್ಚುವುದು. ನೋಡಲು ಅದೇ ರೂಪ. ಆದರೆ ಅದಕ್ಕೆ ಕಾಸ್ಟಿಕ್ ಸೋಡಾ ತಾಗಿದರೆ ಒಳಗೊಳಗೇ ಹೈಡ್ರೋಜನ್ ಬಿಡಲು ಶುರುಮಾಡುತ್ತದೆ. ಮುಚ್ಚಿದ ಡ್ರಮ್ಮಿನಲ್ಲಿ ಆ ಗಾಳಿ ಎಲ್ಲಿಗೆ ಹೋಗಬೇಕು? ನಮ್ಮ ಡ್ರಮ್ಮುಗಳು ಹೊಸವಲ್ಲ. ಭಂಗಾರದವರಿಂದ, ಅಂದರೆ ಗುಜರಿಯವರಿಂದ, ಬರುತ್ತಿದ್ದವು, ಮೊದಲು ಅವುಗಳಲ್ಲಿ ಏನಿತ್ತೆಂದು ದೇವರೇ ಬಲ್ಲ. ಅದಕ್ಕೆ ಅವರೇ ಒಂದು ನಿಯಮ ಮಾಡಿದ್ದರು. ಈ ಎರಡನೆಯ ಜಾತಿ ತುಂಬುವ ಮೊದಲು ಪ್ರತಿ ಡ್ರಮ್ಮಿನೊಳಗೆ ಸ್ವಲ್ಪ ನೀರು ತಿರುಗಿಸಿ, ಕೆಂಪು ಲಿಟ್ಮಸ್ ಕಾಗದ ಅದ್ದಬೇಕು. ಕಾಗದ ನೀಲಿಯಾದರೆ ಒಳಗೆ ಕಾಸ್ಟಿಕ್ ಇದೆ, ಆ ಡ್ರಮ್ಮು ಬೇಡ. ಆಗದಿದ್ದರೆ ಒಣಗಿಸಿ ತುಂಬಬೇಕು. ಪ್ರತಿ ಡ್ರಮ್ಮು. ನಾನು ಒಂದನ್ನು ಬಿಟ್ಟರೂ “ನಿನ್ನ ಮಾರಿ ಮ್ಯಾಲ ಮೂಗು ಬ್ಯಾಡೇನು?” ಎಂದು ಬೈಯುತ್ತಿದ್ದರು.

ಕೊನೆಯ ಪೇಪರಿನ ಹಿಂದಿನ ದಿನ ನನಗೆ ರಜೆ. ಖೋಲಿಯಲ್ಲಿ ಓದುತ್ತ ಕೂತಿದ್ದೆ. ಸಂಜೆ ಹನುಮಂತ ಓಡಿ ಬಂದ. ಚಾಳಿನ ಮೆಟ್ಟಿಲ ಕೆಳಗೇ ನಿಂತು, ಮೇಲೆ ಬರದೆ, ಕೂಗಿದ:

“ಅಣ್ಣಾ! ಸಾಹೇಬ್ರ ಮಾರಿಗೆ ಡ್ರಮ್ಮಿನ ಬೂಚು ಹೊಡದೈತಿ!”

ದಾರಿಯಲ್ಲಿ ಅವನು ಹೇಳಿದ್ದು ಇಷ್ಟು. ಭಂಗಾರದ ಡ್ರಮ್ಮುಗಳ ಹೊಸ ಲಾಟು ಬಂದಿತ್ತು. ಲಾರಿ ಕಾಯುತ್ತಿತ್ತು, ಸೇಠರು ಅಂಗಳದಲ್ಲೇ ನಿಂತಿದ್ದರು. ಸಾಹೇಬರು ನನ್ನ ಕೆಲಸ, ತಮ್ಮ ಕೆಲಸ ಎರಡನ್ನೂ ಮಾಡುತ್ತಿದ್ದರು. ತುಂಬಿ ಮುಚ್ಚಿದ ಡ್ರಮ್ಮುಗಳಲ್ಲಿ ಒಂದರ ಹೊಟ್ಟೆ ಉಬ್ಬುತ್ತಿರುವುದನ್ನು ಅವರೇ ಕಂಡರು. “ಹನುಮ್ಯಾ, ಎಲ್ಲಾರ್ನೂ ಕರಕೊಂಡು ಗೇಟಿನ ಹೊರಗ ಹೋಗು” ಅಂದರು. ಆಮೇಲೆ ಬೂಚು ತಿರುಗಿಸುವ ಪಾನಾ ಹಿಡಿದು, ಅದೇ ಪಾದ ಸರಿಸುವ ನಡಿಗೆಯಲ್ಲಿ ಹತ್ತಿರ ಹೋಗಿ, ಗಾಳಿ ಬಿಡಲು ಬೂಚು ಸಡಿಲಿಸಿದರು. ಎರಡು ಸುತ್ತು ಬರುವಷ್ಟರಲ್ಲಿ ಬೂಚು ಗುಂಡಿನಂತೆ ಹಾರಿತು. ಅದರ ಹಿಂದೆ ಎಣ್ಣೆ ಕಾರಂಜಿಯಂತೆ.

ಆಸ್ಪತ್ರೆಯಲ್ಲಿ ತಲೆಯಿಂದ ಮೂಗಿನವರೆಗೆ ಪಟ್ಟಿ ಸುತ್ತಿದ್ದರು. ಎಡಗಣ್ಣು ಆಗಲೇ ಹೋಗಿತ್ತು. ವೈನಿ ಅವರ ಕೈ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ. ನಾನು ಮಂಚದ ಹತ್ತಿರ ಹೋದೆ.

“ಯಾರು?”

“ನಾನು ಸರ್.”

“ನಾಳಿ ಪೇಪರ್ ಇಲ್ಲೇನು?”

“ಅದ ಸರ್.”

“ಮತ್ತ ಇಲ್ಲಿ ಯಾರ ಮದವಿ ಅದ?”

ಚಾದರದ ಹೊರಗಿದ್ದ ಅವರ ಇನ್ನೊಂದು ಕೈಯನ್ನು ಹಿಡಿಯಲು ಹೋದೆ. ಬೆಂಕಿ ತಾಗಿದಂತೆ ಎಳೆದುಕೊಂಡರು. ಚಾದರದೊಳಗೆ ಹುದುಗಿಸಿಬಿಟ್ಟರು.

“ಮುಟ್ಟಬ್ಯಾಡ! ಇನ್ನೂ ಮೈ ತೊಳದಿಲ್ಲ ನಂದು. ಕೈ, ಕೂದಲಾ, ಎಲ್ಲಾ ಎಣ್ಣಿ ಅದ. ನಾಳಿ ಶಾಯಿ ಒಡೀತದ.”

ನಾನು ಮಂಚದ ಸರಳು ಹಿಡಿದು ನಿಂತೆ. ಅವರಿಗೆ ಕಾಣುತ್ತಿರಲಿಲ್ಲ, ಆದರೂ ನಿಂತಿದ್ದೇನೆಂದು ಗೊತ್ತಾಯಿತು.

“ಮಂಚ ಹಿಡದೀಯೇನು? ಬಿಡು. ಮನೀಗೆ ಹೋಗಿ ಘಾಸಲೇಟ್ ಹಚ್ಚಿ ತೊಳಕೋ. ಹೋಗಲೇ.”

ವೈನಿ ಎದ್ದು ಬಾಗಿಲವರೆಗೆ ಬಂದರು. ಅವರ ಎರಡೂ ಕೈ ಸೆರಗಿನೊಳಗಿದ್ದವು. ನಾನು ಕಾಲಿಗೆ ಬೀಳಲು ಬಗ್ಗಿದರೆ ಹಿಂದೆ ಸರಿದರು. “ನನ್ನೂ ಮುಟ್ಟಬ್ಯಾಡ ತಮ್ಮಾ. ನಾ ಮಧ್ಯಾಹ್ನದಿಂದ ಅವರನ್ನ ಹಿಡಕೊಂಡ ಕುಂತೀನಿ.”

ಮನೆಯಲ್ಲಿ ಅವ್ವ ನನ್ನ ಎರಡೂ ಕೈಗಳಿಗೆ ಮೊಣಕೈವರೆಗೆ ಘಾಸಲೇಟ್ ಹಚ್ಚಿ ತಿಕ್ಕಿದಳು, ಆಮೇಲೆ ಸಾಬೂನು, ಮತ್ತೆ ಘಾಸಲೇಟ್. ಚರ್ಮ ಕೆಂಪಾಯಿತು. ಮರುದಿನ ಪೇಪರ್ ಬರೆದೆ. ಮೂರು ತಾಸು ಪೆನ್ನು ಎಲ್ಲೂ ತಪ್ಪಲಿಲ್ಲ, ಒಂದು ಅಕ್ಷರ ಒಡೆಯಲಿಲ್ಲ. ನನ್ನ ಕೈ ಅಷ್ಟು ಸ್ವಚ್ಛವಾಗಿ ಹಿಂದೆ ಎಂದೂ ಇರಲಿಲ್ಲ. ಏನು ಬರೆದೆನೆಂದು ಇವತ್ತಿಗೂ ನೆನಪಿಲ್ಲ.

ಜನ ಅವರನ್ನು ಶೂರ ಎಂದರು. ಅವರಿಗೆ ಸಿಟ್ಟು ಬಂತು. “ಶೂರ ಯಾಂವ? ಮೂರ್ಖ ಅನ್ನು. ಉಬ್ಬಿದ ಡ್ರಮ್ಮಿನ ಬೂಚು ಬಿಚ್ಚು ಅಂತ ಯಾವ ಪುಸ್ತಕದಾಗ ಅದ? ದೂರ ಓಡಿ ನಿಂದ್ರಬೇಕಿತ್ತು.” ಇನ್ನೊಂದು ದಿನ ಯಾರೂ ಇಲ್ಲದಾಗ ನನಗೆ ಹೇಳಿದರು: “ಲಾಟಿನ್ಯಾಗ ಒಂದ ಡ್ರಮ್ಮು ತಪಾಸಣಿ ಮಾಡಿದೆ. ಛಲೋ ಇತ್ತು. ಉಳದವು ನೋಡಲಿಲ್ಲ. ನಿನಗ ಎಲ್ಲಾ ನೋಡು ಅಂತಿದ್ದೆ.” ನಿಯಮ ಮೀರಿದವರು ಕೆಮಿಸ್ಟೇ ಎಂದು ಸೇಠರ ಕಡೆಯಿಂದ ಮಾತು ಬಂತು. ನಿಯಮ ಮಾಡಿದವರೂ ಅವರೇ ಆಗಿದ್ದರಿಂದ ಅವರು ಏನೂ ಅನ್ನಲಿಲ್ಲ. ಲಾರಿ ಯಾಕೆ ಕಾಯುತ್ತಿತ್ತು, ಹಳೆ ಡ್ರಮ್ಮು ಯಾರು ತರಿಸಿದರು ಎಂದು ಕೇಳುವವರು ಯಾರೂ ಇರಲಿಲ್ಲ. ನಾನು ಕೇಳಿದೆ. ಸೇಠರು ನನ್ನನ್ನು ಕೆಲಸದಿಂದ ತೆಗೆದು ಗೇಟಿನ ಹೊರಗೆ ಕಳಿಸಿದರು.

ಬಲಗಣ್ಣಿನ ಹಿಂದಿನ ಪರದೆ ಹೊಡೆತಕ್ಕೆ ಕಿತ್ತು ಬಂದಿತ್ತು. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವುದೆಂದಾಯಿತು. ಕಣ್ಣೊಳಗಿನ ಅಂಟುದ್ರವ ತೆಗೆದು, ಪರದೆಯನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಲು ಅಲ್ಲಿ ಎಣ್ಣೆ ತುಂಬುತ್ತೇವೆ ಎಂದು ಡಾಕ್ಟರು ಹೇಳಿದರು. ಸಿಲಿಕೋನ್ ಎಣ್ಣೆ.

ಆಗ ನಾನು ಅಲ್ಲೇ ಇದ್ದೆ. ಅವರು ಪಟ್ಟಿ ಕಟ್ಟಿದ ಮುಖವನ್ನು ಡಾಕ್ಟರ ದನಿಯ ಕಡೆ ತಿರುಗಿಸಿ ಕೇಳಿದರು: “ಕೌನ್ ಸಾ ಗ್ರೇಡ್? ತೆಳು ಕಿ ದಪ್ಪ?” ಡಾಕ್ಟರಿಗೆ ಅರ್ಥವಾಗಲಿಲ್ಲ. ಹಿಂದಿ ಕನ್ನಡ ಕಲಸಿಹೋಗಿತ್ತು. ಇವರು ಇಂಗ್ಲಿಷಿನಲ್ಲಿ ಮತ್ತೆ ಕೇಳಿದರು: ಎಷ್ಟು ಮಂದ, ಸಣ್ಣ ಸರಪಳಿಗಳನ್ನೆಲ್ಲ ತೆಗೆದು ಶುದ್ಧ ಮಾಡಿದ್ದೋ ಅಲ್ಲವೋ. ಡಾಕ್ಟರು ಕುರ್ಚಿ ಎಳೆದು ಕೂತು ಉತ್ತರ ಕೊಟ್ಟರು. ಇವರು ಕೇಳಿ ತಲೆಯಾಡಿಸಿದರು, ಮಾಲು ಪಾಸು ಮಾಡಿದಂತೆ.

ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಹಿಂದಿನ ಪರದೆಗೆ ಅದು ಒತ್ತಬೇಕಾದರೆ ಮುಖ ಕೆಳಗೆ ಮಾಡಿಯೇ ಇರಬೇಕು. ಆಪರೇಷನ್ ಆದ ಮೇಲೆ ಕಲ್ಯಾಣದ ಮನೆಯಲ್ಲಿ ವಾರಗಟ್ಟಲೆ ಬೋರಲು ಮಲಗಿದರು, ಹಣೆಯ ಕೆಳಗೆ ಸುತ್ತಿದ ಟವೆಲ್ಲು. ನಾನು ನೆಲದ ಮೇಲೆ ಕೂತು ಮಾತಾಡುತ್ತಿದ್ದೆ. ಪಟ್ಟಿ ಬಿಚ್ಚಿದ ಮೇಲೆ ಸ್ವಲ್ಪ ಕಾಲ ಮಸುಕಾಗಿ ಕಂಡಿತು. “ನೀರಾಗ ಮುಳುಗಿ ನೋಡಿದಾಂಗ ಅದ” ಅಂದರು. ಕೆಲವೇ ತಿಂಗಳಲ್ಲಿ ಅದೂ ಹೋಯಿತು. ಕಣ್ಣೊಳಗಿನ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆದು, ಒಳಗೆ ಒತ್ತಡ ಏರಿತ್ತು. ತೆಗೆದರೂ ಉಪಯೋಗವಾಗಲಿಲ್ಲ.

“ಬುರುಗು ಆಗ್ಯದ ಒಳಗ,” ಅಂದರು ನನಗೆ. “ಇಡೀ ಎಂಐಡಿಸಿದ್ದು ಬುರುಗು ನಿಲ್ಲಿಸಿದೆ ನಾನು. ಇದಕ್ಕ ಹನಿ ಎಲ್ಲಿಂದ ತರ್ಲಿ?”

ಅವರು ಗೋಳಾಡಿದ್ದು ಅಷ್ಟೇ. ಮನೆಯೊಳಗೆ ಓಡಾಡಲು ಅವರಿಗೆ ಕೋಲು ಬೇಕಾಗಲಿಲ್ಲ. ಪಾದ ಎತ್ತದೆ ನೆಲ ಹುಡುಕುತ್ತ ನಡೆಯುವುದನ್ನು ಮೊದಲೇ ಕಲಿತಿದ್ದರು.

ನಾನು ಪಾಸಾದೆ. ಎರಡನೆಯ ದರ್ಜೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲಿಗ ನಾನು, ಈಗ ಪದವೀಧರ. ಸಾನಪಾಡಾದಲ್ಲಿ ಖೋಲಿ ಹಿಡಿದು, ಹತ್ತಿರದ ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಸರ್ಟಿಫಿಕೇಟು ಕೈಗೆ ಬಂದ ದಿನ ಮೊದಲು ಅಪ್ಪ ಅವ್ವನಿಗೆ ತೋರಿಸಿದೆ. ಅಲ್ಲಿಂದ ನೇರ ಕಲ್ಯಾಣಕ್ಕೆ ಹೋದೆ.

ಅವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ವಿಷಯ ಹೇಳಿದೆ. ಎರಡೂ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡರು. ಹಿಂದೆ, ಮುಂದೆ, ಬೆರಳ ಸಂದಿಯಲ್ಲಿ.

“ಕೊಡು.”

ಕೊಟ್ಟೆ. ಅಂಚು ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

“ಹೆಸರು ಎಲ್ಲಿ ಅದ?”

ಅವರ ಬೆರಳನ್ನು ನನ್ನ ಹೆಸರಿನ ಮೇಲೆ ಇಟ್ಟೆ.

“ಅಚ್ಚಿಂದೋ, ಕೈಲೆ ಬರದದ್ದೋ?”

“ಕೈಲೆ ಬರದದ್ದು ಸರ್.”

ಅಡಿಗೆಮನೆಯ ಕಡೆ ಮುಖ ತಿರುಗಿಸಿದರು. “ಏ, ಇಲ್ಲಿ ಬಾ ಸ್ವಲ್ಪ. ಇದರ ಮ್ಯಾಲ ಶಾಯಿ ನಿಂತದೇನು ನೋಡು.”

ವೈನಿ ಸೆರಗಿಗೆ ಕೈ ಒರೆಸುತ್ತ ಬಂದು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಇಂಗ್ಲಿಷ್ ಓದ್ಲಿಕ್ಕೆ ನನಗ ಬರೂದಿಲ್ಲ. ಆದ್ರ ಶಾಯಿ ನಿಂತದ. ಎಲ್ಲೂ ಒಡದಿಲ್ಲ.”

“ಇಂವ ಬರದಿಲ್ಲಲ್ಲ, ಅದಕ್ಕ ನಿಂತದ,” ಅಂದರು ಅವರು. ಆಯಿತು ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ಕೈ ಚಾಚಿ ಅದನ್ನು ಮತ್ತೆ ಇಸಕೊಂಡರು. ವೈನಿ ತಾಟು ಹಾಕುವವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಇದ್ದರು.

ಊಟಕ್ಕೆ ಏಳುವಾಗ ನಾನು ಹಳೆಯ ರೂಢಿಯಂತೆ ಬಚ್ಚಲಿನ ಮೂಲೆಗೆ ಹೋದೆ. ಘಾಸಲೇಟ್ ಬಾಟಲಿ ಅಲ್ಲೇ ಇತ್ತು, ಮೇಲೆಲ್ಲ ಧೂಳು. ಎತ್ತಿ ಬಿರಡೆ ತಿರುಗಿಸುತ್ತಿದ್ದೆ. ಹಿಂದಿನಿಂದ ವೈನಿ ಬಂದು ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದರು.

“ಅದನ್ನ ಇಡು ತಮ್ಮಾ. ನಿನಗ ಇನ್ನ ಬರೇ ನೀರು ಸಾಕು.”